ಹಡಗಿನಲ್ಲಿರುವ ಗಂಡ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಮೂಲೆಯಕ್ಕ ಅಂತಲೇ ಕರೆಯುತ್ತಿದ್ದರು. ಹಾಗಂತ ಅವಳು ಮೂಲೆ ಹಿಡಿದು ಕೂರುವ ಪೈಕಿಯಲ್ಲ. ದಿನಕ್ಕೆ ಆರುನೂರು ಚಾದರಗಳನ್ನು ಒಗೆದು, ಬಿಸಿ ರೋಲರಿನಲ್ಲಿ ಒತ್ತಿ, ಇಬ್ಬಿಬ್ಬರು ಎದುರುಬದುರು ನಿಂತು ಮಡಚುವ ಕೆಲಸ ಅದು. ಎದುರಿಗೆ ಯಾರೇ ನಿಂತಿರಲಿ, ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಮೂಲೆ ನೋಡು, ಮೂಲೆ!” ಮೂಲೆಗೆ ಮೂಲೆ ಕೂಡದ ಚಾದರವನ್ನು ಎತ್ತಿ, ಒದರಿ, ಮತ್ತೆ ಮಡಚಿಸುತ್ತಿದ್ದಳು. “ಮಲಗಿದ ರೋಗಿ ಮೂಲೆ ನೋಡ್ತಾನಾ ಅಕ್ಕಾ?” ಅಂತ ಜೊತೆಯವರು ಗೊಣಗಿದರೆ, “ಮಲಗಿದವನಿಗೆ ಬೇರೆ ಏನು ಕೆಲಸ? ಮೂಲೆನೇ ನೋಡ್ತಾನೆ” ಅನ್ನುತ್ತಿದ್ದಳು.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹತ್ತು, ಪುಟ್ಟಿಗೆ ಮೂರು. ಗಂಡ ಸತ್ತಿರಲಿಲ್ಲ, ಕಾಣೆಯೂ ಆಗಿರಲಿಲ್ಲ. ಇನ್ನೊಂದು ಊರಿನಲ್ಲಿ ಇನ್ನೊಬ್ಬಳ ಜೊತೆ ಸೊಗಸಾಗಿಯೇ ಇದ್ದ. ಪುಟ್ಟಿ ಹುಟ್ಟಿ ಎರಡು ತಿಂಗಳಿಗೆ, ಕೆಲಸ ಹುಡುಕಿಕೊಂಡು ಬರ್ತೀನಿ ಅಂತ ಹೊರಟವನು ಕೆಲಸದ ಬದಲು ಸಂಸಾರ ಹುಡುಕಿಕೊಂಡಿದ್ದ. ಮೊದಲ ವರ್ಷ ಮೂರು ಸಲ ದುಡ್ಡು ಕಳಿಸಿದ, ಆಮೇಲೆ ಒಂದು ಸಲ ಕ್ಷೇಮ ಕೇಳಿದ, ಆಮೇಲೆ ಅದೂ ದುಬಾರಿ ಅನ್ನಿಸಿತೋ ಏನೋ, ಬಿಟ್ಟುಬಿಟ್ಟ. ಮೂಲೆಯಕ್ಕ ಒಂದು ವಾರ ಅತ್ತಳು. ಎಂಟನೆಯ ದಿನ ಬೆಳಗಿನ ಪಾಳಿ ಇತ್ತು, ಎದ್ದು ಹೋದಳು.

ಕಷ್ಟ ಇತ್ತು. ಆದರೆ ಅದನ್ನು ಮುಖದ ಮೇಲೆ ಹಚ್ಚಿಕೊಂಡು ತಿರುಗುವ ಅಭ್ಯಾಸ ಅವಳಿಗಿರಲಿಲ್ಲ. ಕಥೆಗಳಲ್ಲಿ ಬರುವ ತಾಯಂದಿರು ನನಗೆ ಹಸಿವಿಲ್ಲ ಅಂತ ಮಕ್ಕಳ ತಟ್ಟೆಗೆ ತಮ್ಮ ಪಾಲನ್ನೂ ಬಡಿಸುತ್ತಾರಲ್ಲ, ಮೂಲೆಯಕ್ಕ ಅಂಥವಳಲ್ಲ. ಇದ್ದ ಎರಡು ಮೊಟ್ಟೆಗಳನ್ನು ಮೂರು ಪಾಲು ಮಾಡಿ, ದೊಡ್ಡ ಪಾಲನ್ನು ತಾನೇ ಎಳೆದುಕೊಳ್ಳುತ್ತಿದ್ದಳು. ದೊಡ್ಡವಳು ಹುಬ್ಬು ಹಾರಿಸಿದರೆ, “ನಾನು ಬಿದ್ರೆ ನಿಮ್ಮನ್ನ ಎತ್ತೋರು ಯಾರು? ತಿನ್ನಲಿ ಬಿಡು” ಅನ್ನುತ್ತಿದ್ದಳು, ಯಾರೋ ಮೂರನೆಯವರ ಬಗ್ಗೆ ಶಿಫಾರಸು ಮಾಡುವವಳ ಹಾಗೆ.

ತೊಂದರೆ ಶುರುವಾದದ್ದು, ಇದ್ದ ಮನೆಯನ್ನು ಮಾಲೀಕ ಮಾರಿದಾಗ. ಖಾಲಿ ಮಾಡಲು ಒಂದು ತಿಂಗಳು ಗಡುವು. ಆ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಆಸ್ಪತ್ರೆಗೆ ಎರಡು ಬಸ್ಸು. ಬಸ್ಸು ತಡವಾದರೆ ಅರ್ಧ ದಿನದ ಕೂಲಿ ಕಟ್. ತಿಂಗಳಲ್ಲಿ ಎರಡು ಸಲ ಹಾಗಾದರೆ ಪೂರ್ತಿ ಹಾಜರಿಗೆ ಸಿಗುವ ಭತ್ಯೆಯೂ ಹೋಯಿತು. ಹಾಗಾಗಿ ಸಿಕ್ಕರೆ ಆಸ್ಪತ್ರೆಯ ಹತ್ತಿರವೇ ಮನೆ ಸಿಗಲಿ ಅಂತ ಅವಳ ಆಸೆ. ಬೆಳಗ್ಗೆ ಆರರಿಂದ ಎರಡರವರೆಗೆ ಪಾಳಿ ಮುಗಿಸಿ, ದೊಡ್ಡವಳು ಶಾಲೆಯಿಂದ, ಪುಟ್ಟಿ ಅಂಗನವಾಡಿಯಿಂದ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿರಬಹುದು.

ಮೂರು ವಾರದಲ್ಲಿ ಏಳು ಮನೆ ನೋಡಿದಳು. ಏಳೂ ಕಡೆ ನಲ್ಲಿ ತೋರಿಸಿದರು, ಕಿಟಕಿ ತೋರಿಸಿದರು, ಮುಂಗಡ ಹೇಳಿದರು. ಕೊನೆಗೆ ಏಳೂ ಕಡೆ ಅದೇ ಪ್ರಶ್ನೆ: “ಯಜಮಾನ್ರು ಏನು ಮಾಡ್ತಾರೆ?” ಇಲ್ಲ ಅಂದ ತಕ್ಷಣ ಮನೆಗೆ ಇದ್ದಕ್ಕಿದ್ದಂತೆ ಬೇರೆ ಯಾರೋ ಬಂದುಬಿಡುತ್ತಿದ್ದರು. ಒಬ್ಬರಿಗೆ ಅಣ್ಣನ ಮಗ ಬರುವವನಿದ್ದ, ಇನ್ನೊಬ್ಬರಿಗೆ ಅಳಿಯ. ಒಬ್ಬಾಕೆಯಂತೂ, “ಹೆಂಗಸು ಒಬ್ಬಳೇ ಅಂದ್ರೆ ಬಾಡಿಗೆ ಹೇಗಮ್ಮ ಬರತ್ತೆ?” ಅಂತ ನೇರವಾಗಿಯೇ ಕೇಳಿದಳು. “ಗಂಡ ಇದ್ದಾಗಲೂ ನಾನೇ ಕಟ್ತಿದ್ದೆ” ಅಂದಳು ಮೂಲೆಯಕ್ಕ. ಸತ್ಯವೇ. ಆದರೆ ಅದರಿಂದ ಮನೆ ಸಿಗಲಿಲ್ಲ.

ಎಂಟನೆಯ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ. ಕೆಳಗೆ ಮಾಲೀಕರು, ಮೇಲೆ ಎರಡು ಕೋಣೆ. ಮಾಲೀಕರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಅಂಗಡಿ ಮುಚ್ಚಿದವರು. ಬೀದಿಗೆಲ್ಲ ಗಡಿಯಾರದ ಅಜ್ಜ. ಅವರ ಮನೆಯಲ್ಲಿ ಹದಿನೇಳು ಗಡಿಯಾರಗಳು, ಒಬ್ಬ ಅಜ್ಜಿ. ಗಡಿಯಾರಗಳು ಅಜ್ಜನ ಮಾತು ಕೇಳುತ್ತಿದ್ದವು.

ಅಜ್ಜ ಮೆಟ್ಟಿಲು, ನೀರು, ಬಚ್ಚಲು ಎಲ್ಲ ತೋರಿಸಿ ಕೇಳಿದರು, “ಯಜಮಾನ್ರು?”

“ದೂರ ಇದ್ದಾರೆ” ಅಂದಳು ಮೂಲೆಯಕ್ಕ. ಇದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

“ಹಡಗಲ್ಲಿ” ಅಂದಳು ಪಕ್ಕದಲ್ಲಿದ್ದ ದೊಡ್ಡವಳು.

ಮೂಲೆಯಕ್ಕ ಮಗಳ ತೋಳು ಚಿವುಟಿದಳು. ಅಜ್ಜನ ಕಣ್ಣು ಮಾತ್ರ ಅರಳಿತು. “ಹಡಗಲ್ಲೇ? ಏನು ಕೆಲಸ?”

“ಅಡುಗೆ.”

ಒಂದು ಲೋಟ ನೀರು ಕಾಯಿಸಲೂ ಬಾರದ ಗಂಡನನ್ನು ಮಗಳು ಒಂದೇ ಉಸಿರಿಗೆ ಸಮುದ್ರಕ್ಕೆ ಕಳಿಸಿ, ಕೈಗೆ ಸೌಟು ಕೊಟ್ಟಿದ್ದಳು. ಮೂಲೆಯಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜ ಬೀಗದ ಕೈ ಅವಳ ಅಂಗೈಯಲ್ಲಿಟ್ಟಿದ್ದರು. ತೆರೆದ ಬಾಯಿಂದ ಏನೋ ಒಂದು ಬರಬೇಕಲ್ಲ, “ಮುಂಗಡ ಎರಡು ಕಂತಲ್ಲಿ ಕೊಡಬಹುದಾ?” ಅಂತ ಬಂತು.

ಬೀದಿಗೆ ಬಂದ ಮೇಲೆ ಮಗಳ ಕಿವಿ ಹಿಡಿದಳು. “ಯಾರು ಹೇಳಿಕೊಟ್ರು ನಿಂಗೆ ಇದೆಲ್ಲ?”

“ಯಾರೂ ಇಲ್ಲ. ಏಳು ಸಲ ನಿಜ ಹೇಳಿ ನೋಡಿದ್ವಲ್ಲಮ್ಮ.”

ಕಿವಿ ಬಿಟ್ಟಳು.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಮೊದಲ ವಾರವೇ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಜೊತೆ ಗಂಡಸರ ಬೂಟು ಕೊಂಡು ಬಾಗಿಲ ಬಳಿ ಇಡಬೇಕಾಯಿತು. ಇದ್ದದ್ದರಲ್ಲಿ ಅಗ್ಗದ ಜೊತೆ ಎಂದರೆ ದೈತ್ಯನ ಅಳತೆಯದು. ನೋಡಿದವರಿಗೆ ಅಡುಗೆಯವನು ಆರೂವರೆ ಅಡಿ ಇರಬೇಕು ಅನ್ನಿಸುವಂತಿತ್ತು. ವಾರಕ್ಕೊಮ್ಮೆ ತಂತಿಯ ಮೇಲೆ ಒಂದು ಅಂಗಿ ಒಣಗುತ್ತಿತ್ತು. ಹಡಗಿನಲ್ಲಿರುವವನ ಅಂಗಿ ಇಲ್ಲೇಕೆ ಕೊಳೆಯಾಗುತ್ತದೆ ಅಂತ ದೊಡ್ಡವಳು ಕೇಳಿದ ಮೇಲೆ ಅದನ್ನು ನಿಲ್ಲಿಸಿದಳು.

ಅಜ್ಜನ ಉತ್ಸಾಹ ಮಾತ್ರ ತಡೆಯುವಂತಿರಲಿಲ್ಲ. ಜೀವಮಾನವಿಡೀ ಒಂದೇ ಬೀದಿಯಲ್ಲಿ ಕೂತು ಊರಿನ ಸಮಯವನ್ನು ಸರಿ ಮಾಡಿದ ಮನುಷ್ಯ; ಸಮುದ್ರ ನೋಡಿರಲಿಲ್ಲ. ಸಂಜೆ ದೊಡ್ಡವಳನ್ನು ಕೂರಿಸಿಕೊಂಡು, “ಈಗ ಎಲ್ಲಿದೆಯಂತೆ ಹಡಗು?” ಅಂತ ಕೇಳುವರು. ಅವಳು ಶಾಲೆಯ ಭೂಪಟ ತೆರೆದು ಒಂದು ಕಡೆ ಬೆರಳಿಡುವಳು; ಒಂದು ಸಂಜೆ ಬಿರುಗಾಳಿಯನ್ನೂ ಎಬ್ಬಿಸಿದಳು. ಅಜ್ಜ ಲೆಕ್ಕ ಹಾಕಿ, ಅಲ್ಲಿನ ಹೊತ್ತಿಗೆ ಒಂದು ಗಡಿಯಾರ ತಿರುಗಿಸಿ, ಅದನ್ನು ಮೆಟ್ಟಿಲ ಗೋಡೆಗೆ ನೇತುಹಾಕಿದರು. “ಹತ್ತುವಾಗ ಇಳಿಯುವಾಗ ಮಕ್ಕಳಿಗೆ ಅಪ್ಪನ ಹೊತ್ತು ಗೊತ್ತಾಗಲಿ” ಅಂದರು. ಆ ಗಡಿಯಾರ ನೋಡಿ ಒಂದು ದಿನ ಮೂಲೆಯಕ್ಕ ಎರಡು ಗಂಟೆ ಮೊದಲೇ ಕೆಲಸಕ್ಕೆ ಹೋಗಿ, ಬೀಗ ಹಾಕಿದ ಲಾಂಡ್ರಿಯ ಮುಂದೆ ಕೂತು ಗಂಡನನ್ನು ಮನಸಾರೆ ಶಪಿಸಿದಳು.

ಮನೆಯಲ್ಲಿ ಈ ಆಟವನ್ನು ಆಟ ಅಂತ ತಿಳಿಯದವಳು ಒಬ್ಬಳೇ, ಪುಟ್ಟಿ. ಅಪ್ಪ ಎಂಬ ಮನುಷ್ಯನನ್ನು ಕಂಡ ನೆನಪೇ ಅವಳಿಗಿರಲಿಲ್ಲ. ಈಗ ಅಪ್ಪನಿಗೆ ಬೂಟು ಬಂತು, ಗಡಿಯಾರ ಬಂತು, ಕೆಲಸ ಬಂತು. ಅವಳು ಮಾಳಿಗೆಯ ಮೇಲೆ ನಿಂತು, “ಸಮುದ್ರ ಯಾವ ಕಡೆ?” ಅಂತ ಅಕ್ಕನನ್ನು ಕೇಳಿ, ಆ ಕಡೆ ಕೈಬೀಸುತ್ತಿದ್ದಳು. ಅದು ಮೂಲೆಯಕ್ಕನ ಕಣ್ಣಿಗೆ ಬಿದ್ದರೂ, ಇನ್ನೊಂದಿಷ್ಟು ದಿನ ಹೋಗಲಿ ಅಂತ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

ಒಂದು ವರ್ಷ ಕಳೆಯಿತು. ಅಜ್ಜ ಒಂದು ಬೆಳಗ್ಗೆ ಸಂಕೋಚದಿಂದ ಕೆಮ್ಮಿ ಹೇಳಿದರು, “ನೋಡಮ್ಮ, ಬಾಡಿಗೆ ಸ್ವಲ್ಪ ಏರಿಸಬೇಕು ಅಂತಿದ್ದೀನಿ. ಹೇಗೂ ಹಡಗಿನವರಿಗೆ ಸಂಬಳ ಚೆನ್ನಾಗಿರತ್ತಂತಲ್ಲ.”

ಮೂಲೆಯಕ್ಕ ತಲೆಯಾಡಿಸಿ ಮೇಲೆ ಹತ್ತಿ ಬಂದು, ಬಾಗಿಲ ಬಳಿಯ ಬೂಟುಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಜೊತೆಗಿದ್ದಾಗ ಖರ್ಚು. ಬಿಟ್ಟುಹೋದ ಮೇಲೂ ಖರ್ಚು. ಹಡಗು ಹತ್ತಿಸಿ ಕಳಿಸಿದ್ರೂ ಖರ್ಚು!” ಅಂದಳು. ಬೂಟುಗಳು ಸುಮ್ಮನಿದ್ದವು, ಮೊದಲಿನಿಂದಲೂ ಆ ಮನುಷ್ಯನ ಉತ್ತರ ಅದೇ.

ಹೆಚ್ಚಿನ ಬಾಡಿಗೆಗಾಗಿ ಭಾನುವಾರವೂ ಪಾಳಿಗೆ ಹೋಗತೊಡಗಿದಳು. ಕೆಲವು ತಿಂಗಳಾದ ಮೇಲೆ ಲಾಂಡ್ರಿಯ ದೊಡ್ಡ ಮೇಡಂ, ಅಂದರೆ ಇಡೀ ವಿಭಾಗದ ಮುಖ್ಯಸ್ಥೆ, ಅವಳಿಗೆ ಮೇಲ್ವಿಚಾರಕಿಯ ಕೆಲಸ ಕೊಡುತ್ತೇನೆ ಅಂದರು. ಸಂಬಳ ಮೂರನೇ ಒಂದರಷ್ಟು ಹೆಚ್ಚು. ಆದರೆ ಸಂಜೆ ಐದರವರೆಗೆ ಇರಬೇಕು. ಶಾಲೆ, ಅಂಗನವಾಡಿ ಬಿಡುವುದು ಎರಡೂವರೆಗೆ. ಎರಡೂವರೆಯಿಂದ ಐದರವರೆಗೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದ ದುಡ್ಡು ಕೇಳಿ ನೋಡಿದರೆ, ಹೆಚ್ಚಾಗುವ ಸಂಬಳವೆಲ್ಲ ಅವರ ಕೈಗೇ ಹೋಗಿ, ಮೇಲೆ ಇನ್ನಷ್ಟು ಸೇರಿಸಬೇಕಿತ್ತು. “ಸಂಬಳ ಜಾಸ್ತಿ ಆಗತ್ತೆ, ದುಡ್ಡು ಕಮ್ಮಿ ಆಗತ್ತೆ ಮೇಡಂ” ಅಂದಳು. “ಹಾಗೆ ಆಗೋಕೆ ಹೇಗೆ ಸಾಧ್ಯ?” ಅಂದರು ಮೇಡಂ. ಅವರಿಗೆ ಮಕ್ಕಳಿದ್ದರು, ಮಕ್ಕಳನ್ನು ನೋಡಿಕೊಳ್ಳಲು ಅತ್ತೆಯೂ ಇದ್ದರು. ಅಂಥವರಿಗೆ ಈ ಗಣಿತ ಬಿಡಿಸಿ ಹೇಳುವುದು ಸುಲಭವಲ್ಲ. ಆರು ತಿಂಗಳ ಮಟ್ಟಿಗೆ ಜಾಗ ಖಾಲಿ ಇಟ್ಟಿರ್ತೀನಿ, ಯೋಚನೆ ಮಾಡು ಅಂದರು.

ಎರಡನೆಯ ವರ್ಷದ ಕೊನೆಗೆ ಪುಟ್ಟಿಯೂ ಶಾಲೆಗೆ ಸೇರಿದಾಗ ಗಂಟು ಬಿಗಿಯಿತು. ತಾಯಿಯೊಬ್ಬಳೇ ಸಾಕುತ್ತಿರುವ ಮಕ್ಕಳಿಗೆ ಆ ಶಾಲೆಯಲ್ಲಿ ಅರ್ಧ ಫೀಸು. ಇಬ್ಬರು ಮಕ್ಕಳಿಗೆಂದರೆ ಅವಳ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಅರ್ಜಿ ತಂದು ನೋಡಿದಳು. ಮೂರನೆಯ ಪುಟದಲ್ಲಿ, ಈ ಮನೆಯಲ್ಲಿ ದುಡಿಯುವ ಬೇರೆ ಯಾರೂ ಇಲ್ಲ ಎಂದು ಮನೆಯ ಮಾಲೀಕರ ಸಹಿ ಬೇಕಿತ್ತು.

ಅರ್ಜಿಯನ್ನು ನೆಲದ ಮೇಲೆ ಹರಡಿಕೊಂಡು ತಾಯಿ ಮಗಳು ಕೂತರು. ಮನೆಗೆ ಗಂಡ ಇರಲೇಬೇಕು, ಶಾಲೆಗೆ ಇರಲೇಬಾರದು.

“ಹಡಗು ಮುಳುಗಿಸೋಣ್ವಾ?” ಅಂದಳು ದೊಡ್ಡವಳು, ತುಂಬ ಗಂಭೀರವಾಗಿ. “ಬಿರುಗಾಳಿ ಹೇಗೂ ಒಂದು ಸಲ ಬಂದಿತ್ತು, ಹೋದ ವರ್ಷ. ಅಜ್ಜನಿಗೆ ಗೊತ್ತು.”

ಮೂಲೆಯಕ್ಕ ನಗಬೇಕು ಅಂತಿದ್ದಳು. ಹಿಂದಿನಿಂದ ಒಂದು ಬಿಕ್ಕು ಕೇಳಿಸಿತು. ಪುಟ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಅಪ್ಪನ್ನ ಮುಳುಗಿಸ್ಬೇಡಿ” ಅಂದಳು. ಆಮೇಲೆ ಜೋರಾಗಿ ಅತ್ತಳು.

ಮೂಲೆಯಕ್ಕ ಅರ್ಜಿಯನ್ನು ಪಕ್ಕಕ್ಕೆ ತಳ್ಳಿದಳು. ಬಾಡಿಗೆ ಏರಿದಾಗ ಇಷ್ಟು ನೊಂದಿರಲಿಲ್ಲ. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೂಗು ಒರೆಸಿ, ಮೊದಲಿನಿಂದ ಎಲ್ಲ ಹೇಳಿದಳು. ಅಪ್ಪ ಹಡಗಲ್ಲಿ ಇಲ್ಲ, ಬೇರೆ ಊರಲ್ಲಿ ಇದ್ದಾರೆ, ಚೆನ್ನಾಗಿದ್ದಾರೆ, ಇಲ್ಲಿಗೆ ಬರಲ್ಲ; ಮನೆ ಸಿಗಲಿ ಅಂತ ನಾವು ಕಥೆ ಕಟ್ಟಿದ್ವಿ, ತಪ್ಪು ಅಮ್ಮಂದು.

ಪುಟ್ಟಿ ಬಾಗಿಲ ಬಳಿಯ ಬೂಟುಗಳ ಕಡೆ ನೋಡಿದಳು. “ಹಾಗಾದ್ರೆ ಅಪ್ಪಂಗೆ ಅಡುಗೆ ಬರಲ್ವಾ?”

“ಇಲ್ಲ ಪುಟ್ಟಿ.”

“ಈಜು?”

“ಅದೂ ಬರಲ್ಲ.”

“ಹಾಗಾದ್ರೆ ಹಡಗಲ್ಲಿ ಇಲ್ದಿರೋದೇ ಒಳ್ಳೇದು” ಅಂದಳು ಪುಟ್ಟಿ, ಮತ್ತೆ ಮೂಗು ಒರೆಸಿಕೊಂಡು. ಆದರೂ ಆ ದಿನವೆಲ್ಲ ಅಮ್ಮನ ಸೆರಗು ಬಿಡಲಿಲ್ಲ.

ಮರುದಿನ ಪಾಳಿ ಮುಗಿಸಿದವಳೇ ಮೂಲೆಯಕ್ಕ ನೇರ ಕೆಳಗಿನ ಮನೆಗೆ ಹೋದಳು. ಹೇಳುವುದನ್ನು ದಾರಿಯುದ್ದಕ್ಕೂ ಚಾದರದಂತೆ ಅಚ್ಚುಕಟ್ಟಾಗಿ ಮಡಚಿಕೊಂಡು ಬಂದಿದ್ದಳು. ಅಜ್ಜನ ಮುಖ ನೋಡಿದ ಕೂಡಲೇ ಎಲ್ಲ ಬಿಚ್ಚಿಹೋಯಿತು.

“ಹಡಗು ಇಲ್ಲ ಅಜ್ಜಾ” ಅಂದುಬಿಟ್ಟಳು. “ಗಂಡನೂ ಇಲ್ಲ. ಅಂದ್ರೆ ಇದ್ದಾನೆ, ನಂಗಿಲ್ಲ. ಖಾಲಿ ಮಾಡು ಅಂದ್ರೆ ಮಾಡ್ತೀನಿ. ಒಂದು ತಿಂಗಳು ಟೈಮ್ ಕೊಡಿ.”

ಅಜ್ಜ ಕೈಯಲ್ಲಿದ್ದ ಸಣ್ಣ ಚಿಮುಟವನ್ನು ಮೆಲ್ಲಗೆ ಕೆಳಗಿಟ್ಟರು. ಒಳಗೆ ಆಲೂಗಡ್ಡೆ ಹೆಚ್ಚುತ್ತಿದ್ದ ಅಜ್ಜಿ ಚಾಕು ಹಿಡಿದೇ ಬಂದರು.

“ಅಂತೂ ಬಾಯಿ ಬಿಟ್ಟೆಯಲ್ಲ” ಅಂದರು ಅಜ್ಜಿ. “ನೀನು ಬಂದ ಎರಡನೇ ತಿಂಗಳೇ ನಂಗೆ ಗೊತ್ತಾಯ್ತು.”

“ಹೇಗೆ ಅಜ್ಜೀ?”

“ಗಂಡ ಇರೋ ಹೆಂಗಸು ದಿನಕ್ಕೆ ಒಂದು ಸಲನಾದ್ರೂ ಅವನನ್ನ ಬೈತಾಳೆ. ನೀನು ಕೇಳಿದಾಗಲೆಲ್ಲ ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ ಅಂತಿದ್ದೆ. ಯಾವ ಗಂಡಮ್ಮ ಅಷ್ಟು ಚೆನ್ನಾಗಿರ್ತಾನೆ?”

ಅಜ್ಜ ಹೆಂಡತಿಯ ಕಡೆ ತಿರುಗಿದರು. “ನಿಂಗೆ ಗೊತ್ತಿತ್ತಾ? ಮತ್ತೆ ನಾನು ಎರಡು ವರ್ಷ ಆ ಗಡಿಯಾರ ತಿರುಗಿಸ್ತಾ ಇದ್ದೆನಲ್ಲ!”

“ಹೇಳಿದ್ರೆ ನಿಮಗೆ ಸಾಯಂಕಾಲ ಏನು ಕೆಲಸ ಉಳೀತಿತ್ತು?”

“ಬಾಡಿಗೆ ಏರಿಸಿದಾಗ?”

“ಆಗಲಾದ್ರೂ ನಿಜ ಹೇಳ್ತಾಳೇನೋ ಅಂತ ಕಾದೆ. ದುಡ್ಡು ಬಿಟ್ಲು, ಬಾಯಿ ಬಿಡ್ಲಿಲ್ಲ. ಕೊಡೋ ದುಡ್ಡನ್ನ ಬೇಡ ಅನ್ನೋಕೆ ನಾನೇನು ಋಷಿನಾ?” ಅಂದು ಅಜ್ಜಿ ಒಳಗೆ ಹೋದರು.

ಅಜ್ಜ ಬೈಯಲಿಲ್ಲ, ಅದೇ ಕಷ್ಟವಾಯಿತು. ಎದ್ದು ಮೆಟ್ಟಿಲ ಗೋಡೆಯ ಗಡಿಯಾರ ಇಳಿಸಿ, ಒರೆಸಿ, ಒಳಗಿಟ್ಟರು. ಮೂರು ದಿನ ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ಮೂಲೆಯಕ್ಕ ಹೋಗುವಾಗ ಬರುವಾಗ ತಲೆ ತಗ್ಗಿಸುವಳು; ಅವರು ಬೀದಿ ನೋಡುವರು. ಅರ್ಜಿ ಕೊಡುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಆದರೆ ಸಹಿ ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಮನೆ ಹುಡುಕಲು ಆಗಲೇ ಪಕ್ಕದ ಬೀದಿಗಳಲ್ಲಿ ಸುತ್ತಾಡತೊಡಗಿದ್ದಳು. ಈ ಸಲ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ.

ನಾಲ್ಕನೆಯ ದಿನ ಅಜ್ಜ ಉಬ್ಬಸಪಡುತ್ತ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ನೋಡಿದ್ದು ದೊಡ್ಡವಳನ್ನು.

“ಆ ಬಿರುಗಾಳಿ?” ಅಂತ ಕೇಳಿದರು.

“ನಾನೇ ಕಟ್ಟಿದ್ದು ಅಜ್ಜಾ” ಅಂದಳು ದೊಡ್ಡವಳು. ಕಣ್ಣು ಕೆಳಗಿತ್ತು.

“ಹೊಗೆಕೊಳವೆ ಮುರಿದು ಬಿದ್ದಿದ್ದು? ಅಡುಗೆಮನೇಲಿ ಪಾತ್ರೆಗಳೆಲ್ಲ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡಾಡಿದ್ದು?”

“ಅದೂ ನಾನೇ.”

ಅಜ್ಜ ಉಸಿರು ಬಿಟ್ಟರು. “ಚೆನ್ನಾಗಿತ್ತು” ಅಂದರು. ಆಮೇಲೆ ಮೂಲೆಯಕ್ಕನಿಗೆ, “ಅದೇನೋ ಕಾಗದ ಇದೆಯಂತಲ್ಲ, ಕೊಡಿಲ್ಲಿ. ಅಜ್ಜಿಗೆ ಪುಟ್ಟಿ ಎಲ್ಲ ಹೇಳಿದ್ದಾಳೆ.”

ಗಡಿಯಾರ ರಿಪೇರಿ ಮಾಡಿದ ಕೈ. ಅಕ್ಷರ ಸಾಸಿವೆಯಷ್ಟು ಚಿಕ್ಕದು. ಸಹಿ ಹಾಕಿ ಸುಮ್ಮನಿರದೆ, ಅದರ ಕೆಳಗೆ ಇನ್ನೆರಡು ಸಾಲು ಬರೆದರು: ‘ಈ ಮನೆಯಲ್ಲಿ ದುಡಿಯುವವರು ಇವರೊಬ್ಬರೇ. ಎರಡು ವರ್ಷದಿಂದ ಇವರು ಬೆಳಗ್ಗೆ ಐದೂಮುಕ್ಕಾಲಿಗೆ ಮೆಟ್ಟಿಲಿಳಿಯುವುದನ್ನು ಕೇಳಿ ನಾನು ಏಳುತ್ತಿದ್ದೇನೆ.’ ಶಾಲೆಯ ಗುಮಾಸ್ತ ಇದನ್ನು ನೋಡಿ, ಖಾನೆ ಬಿಟ್ಟು ಹೊರಗೆ ಬರೆಯಬಾರದು ಅಂತ ಗೊಣಗಿದ. ಆದರೂ ಅರ್ಜಿ ತೆಗೆದುಕೊಂಡ. ಅರ್ಧ ಫೀಸು ಮುಂದಿನ ಅವಧಿಯಿಂದ, ಈ ಅವಧಿಯದ್ದು ಪೂರ್ತಿ ಕಟ್ಟಲೇಬೇಕು ಅಂದ. ಆ ದುಡ್ಡು ಹೊಂದಿಸಲು ಮೂಲೆಯಕ್ಕ ಇನ್ನೆರಡು ತಿಂಗಳು ಭಾನುವಾರದ ಪಾಳಿ ಮಾಡಿದಳು. ಒಂದು ಸಹಿ ಬಿದ್ದ ಕೂಡಲೇ ಬದುಕು ಹೂವಿನ ಹಾಸಿಗೆಯಾಗಲಿಲ್ಲ.

ಬಾಡಿಗೆಯ ಮಾತು ಬಂದಾಗ ಅಜ್ಜ ಏರಿಸಿದ್ದನ್ನು ಇಳಿಸಲು ತಯಾರಾಗಿದ್ದರು. ಅಜ್ಜಿ ಅಡ್ಡ ಬಂದರು. “ಇಳಿಸೋದು ಬೇಡ. ಶಾಲೆ ಬಿಟ್ಟ ಮೇಲೆ ಮಕ್ಕಳು ಇಲ್ಲಿರಲಿ, ನೋಡ್ಕೊಳ್ಳೋಕೆ ನಾನು ಇಷ್ಟು ತಗೋತೀನಿ” ಅಂತ ಒಂದು ಮೊತ್ತ ಹೇಳಿದರು.

“ಅಷ್ಟು ಜಾಸ್ತಿ ಆಯ್ತು ಅಜ್ಜೀ” ಅಂದಳು ಮೂಲೆಯಕ್ಕ.

“ಪುಟ್ಟಿ ಎಷ್ಟು ಪ್ರಶ್ನೆ ಕೇಳ್ತಾಳೆ ಗೊತ್ತಾ?”

“ದೊಡ್ಡವಳು ಒಂದೂ ಕೇಳಲ್ವಲ್ಲ.”

“ಅವಳು ಕೇಳಲ್ಲ, ಹೇಳ್ತಾಳೆ. ಅದಕ್ಕೆ ಬೇರೆ ಕೊಡು.”

ಅರ್ಧ ಗಂಟೆ ಎಳೆದಾಡಿದರು. ಇಬ್ಬರಿಗೂ ಖುಷಿಯಾಗುತ್ತಿತ್ತು ಅಂತ ಕಾಣುತ್ತದೆ, ಯಾರೂ ಸೋಲಲೊಲ್ಲರು. ಕೊನೆಗೆ ಏರಿಸಿದ ಬಾಡಿಗೆ ಹಾಗೇ ಇರಲಿ, ಮಕ್ಕಳನ್ನು ನೋಡಿಕೊಳ್ಳುವ ದುಡ್ಡು ಅದರಲ್ಲೇ ಸೇರಿತು ಅಂತ ತೀರ್ಮಾನವಾಯಿತು. ಅಲ್ಲಿಗೆ ಅಜ್ಜಿಗೆ ಏನು ಸಿಕ್ಕಿತು ಅಂತ ಅಜ್ಜ ಲೆಕ್ಕ ಹಾಕಲು ಹೋದರು. ಅಜ್ಜಿ ಅವರನ್ನು ತರಕಾರಿ ತರಲು ಕಳಿಸಿದರು.

ಮುಂದಿನ ವಾರವೇ ಮೂಲೆಯಕ್ಕ ದೊಡ್ಡ ಮೇಡಂ ಎದುರು ನಿಂತಳು. ಜಾಗ ಇನ್ನೂ ಖಾಲಿ ಇತ್ತು. ಮೇಲ್ವಿಚಾರಕಿಯಾದ ಮೊದಲ ದಿನ ಜೊತೆಯವರೆಲ್ಲ ಬೇಕಂತಲೇ ಒಂದು ಚಾದರದ ಮೂಲೆ ತಪ್ಪಿಸಿ ಮಡಚಿ ಅವಳ ಮೇಜಿನ ಮೇಲಿಟ್ಟು ಕಾದರು. ಅವಳು ನೋಡಿದಳು, ಕುರ್ಚಿಯಿಂದ ಎದ್ದಳು, ಒದರಿ ಮತ್ತೆ ಮಡಚಿಸಿದಳು. ಇಡೀ ಲಾಂಡ್ರಿ ಕೇಕೆ ಹಾಕಿತು.

ಹೊಸ ಸಂಬಳದ ಮೂರನೆಯ ತಿಂಗಳು ಅವಳು ತನಗೇ ಅಂತ ಒಂದು ಮಂಚ ಕೊಂಡಳು. ಅಲ್ಲಿಯವರೆಗೆ ಮೂವರಿಗೂ ಒಂದೇ ಹಾಸಿಗೆ. ಪುಟ್ಟಿಯ ಕಾಲು ಅಮ್ಮನ ಪಕ್ಕೆಲುಬಿಗೆ ಕಾಯಂ ಬಾಡಿಗೆದಾರ. ಭಾನುವಾರದ ಪಾಳಿಯೂ ಈಗ ಇರಲಿಲ್ಲ. ಮಂಚ ಬಂದ ಭಾನುವಾರ, ಊಟ ಮುಗಿಸಿ, ಹಾಡಹಗಲು ಎರಡು ಗಂಟೆಗೆ ಮೂಲೆಯಕ್ಕ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು. “ಒಂದು ಗಂಟೆ. ಮನೆಗೆ ಬೆಂಕಿ ಬಿದ್ರೆ ಮಾತ್ರ ಎಬ್ಬಿಸಿ” ಅಂತ ಮಕ್ಕಳಿಗೆ ಹೇಳಿದ್ದಳು. ಮದುವೆಯಾದಂದಿನಿಂದ ಅವಳು ಹಗಲಲ್ಲಿ ಮಲಗಿದ್ದೇ ಇಲ್ಲ. ಕಾಲು ಚಾಚಿದಳು, ಎರಡೂ ಕೈ ಅಗಲಿಸಿ ನೋಡಿದಳು, ಯಾರಿಗೂ ತಾಗಲಿಲ್ಲ. ಕಣ್ಣು ಎಳೆಯತೊಡಗಿತು.

ಬಾಗಿಲು ಒಂದು ಬೆರಳಷ್ಟು ತೆರೆಯಿತು.

“ಅಮ್ಮಾ, ನಿದ್ದೆ ಬಂತಾ?” ಅಂತ ಪುಟ್ಟಿ ಪಿಸುಗುಟ್ಟಿದಳು.

“ಬಂದಿತ್ತು.”

ಬಾಗಿಲು ಮುಚ್ಚಿತು. ಐದು ನಿಮಿಷಕ್ಕೆ ಮತ್ತೆ ತೆರೆಯಿತು.

“ಈಗ ಬಂತಾ?”

ಮೂಲೆಯಕ್ಕ ಕಣ್ಣು ಮುಚ್ಚಿಕೊಂಡೇ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಪುಟ್ಟಿ ಹತ್ತಿ ಬಂದು, ಕಾಲನ್ನು ಅದರ ಹಳೆಯ ಜಾಗದಲ್ಲಿಟ್ಟು, ಅಮ್ಮನಿಗಿಂತ ಮೊದಲು ತಾನೇ ನಿದ್ದೆ ಹೋದಳು.